ಕಾದಲೊಲ್ಲದ ಡ್ರ್ಯಾಗನ್ನಿನ ಕರ್ತೃ: ಕೆನೆತ್ ಗ್ರಹಾಂ

ಪಾಶ್ಚಾತ್ಯ ದೇಶಗಳ ಮಕ್ಕಳ ಚಿತ್ರಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ಪ್ರಾಣಿಯೊಂದುಂಟು. ಮೊಸಳೆಯ ಮೈ, ಬಾವಲಿಯ ರೆಕ್ಕೆ, ಹಾವಿನ ಬಾಲ, ಬಾಯಲ್ಲಿ ಬೆಂಕಿ. ಇದನ್ನು ಡ್ರ್ಯಾಗನ್ ಎನ್ನುವರು. ನಮ್ಮಲ್ಲಿ ಕೆಲವರು ಇದಕ್ಕೆ ಘಟಸರ್ಪವೆಂದು ಹೆಸರಿಟ್ಟಿದ್ದಾರೆ. ಆದರೆ ಘಟಸರ್ಪವೆಂದರೆ ನಮ್ಮ ಹಿರಿಯರಿಗೆ ನೆನಪಾಗುತ್ತಿದ್ದುದು ಗಡಿಗೆಯೊಳಗಿನ ಹಾವು, ಸತ್ಯಪರೀಕ್ಷೆಗೆ ನಿಂತವನು ಕೈಯಿಡಬೇಕಾಗಿದ್ದ ಹಾವು. ಅದಕ್ಕೆ ರೆಕ್ಕೆಯೂ ಇಲ್ಲ, ಬೆಂಕಿಯೂ ಇಲ್ಲ. ಆದುದರಿಂದ ಈ ಲೇಖನದಲ್ಲಿ ಡ್ರ್ಯಾಗನ್ ಎಂಬ ಹೆಸರನ್ನೇ ಇಟ್ಟುಕೊಳ್ಳುತ್ತೇನೆ.

ಚೀನ ದೇಶದ ಡ್ರ್ಯಾಗನ್ನು ಮಳೆ ತರುವ ದೈವ. ಅದರ ಮಾತು ಬೇರೆ. ಯೂರೋಪಿನ ಡ್ರ್ಯಾಗನ್ನಿಗೆ ಮಾತ್ರ ಬಹು ಕಾಲದವರೆಗೆ ಒಂದೇ ಕೆಲಸವಿತ್ತು, ಸಾಯುವುದು. 13ನೆಯ ಶತಮಾನದಲ್ಲಿ ಇಟಲಿಯ ಯಾಕೋಬಸ್ ಎಂಬ ಪಾದ್ರಿಯು ಸಂತರ ಕಥೆಗಳನ್ನು ಸಂಗ್ರಹಿಸಿದನು. ಅದರಲ್ಲಿ ಸಂತ ಜಾರ್ಜನ ಕಥೆಯಿದೆ. ಲಿಬಿಯದ ಒಂದು ಊರಿನ ಕೆರೆಯಲ್ಲಿ ಡ್ರ್ಯಾಗನ್ ಸೇರಿಕೊಂಡಿತು. ಊರವರು ಮೊದಲು ಕುರಿಗಳನ್ನು ಕೊಟ್ಟರು, ಕುರಿಗಳು ತೀರಿದ ಮೇಲೆ ಚೀಟಿಯೆತ್ತಿ ಮಕ್ಕಳನ್ನು ಕೊಟ್ಟರು, ಕೊನೆಗೆ ಚೀಟಿ ಅರಸನ ಮಗಳಿಗೇ ಬಂದಿತು. ಆ ಹೊತ್ತಿಗೆ ಕುದುರೆಯೇರಿ ಬಂದ ಜಾರ್ಜನು ಅದನ್ನು ಈಟಿಯಿಂದ ತಿವಿದು ಅವಳನ್ನು ಉಳಿಸಿದನು. ಏಕಚಕ್ರನಗರದ ಬಕಾಸುರನ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ಹೊಸದೆನಿಸದು. ಈ ಜಾರ್ಜನು ಇಂಗ್ಲೆಂಡಿನ ರಕ್ಷಕ ಸಂತನಾದುದರಿಂದ ಅಲ್ಲಿನ ಮಕ್ಕಳಿಗೆ ಡ್ರ್ಯಾಗನ್ ವಧೆಯ ಚಿತ್ರವು ನಮಗೆ ಮಹಿಷಮರ್ದಿನಿಯ ಚಿತ್ರವಿದ್ದಂತೆ. ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿ 15ನೆಯ ಶತಮಾನದ ಉಚ್ಚೆಲೋ ಎಂಬ ಇಟಲಿಯ ಕಲೆಗಾರನು ಬರೆದ ಚಿತ್ರವೊಂದಿದೆ. ಅದರಲ್ಲಿ ಒಂದು ಕಡೆ ಜಾರ್ಜನು ಡ್ರ್ಯಾಗನ್ನಿನ ತಲೆಗೆ ಈಟಿ ಹಾಕುತ್ತಿದ್ದರೆ, ಇನ್ನೊಂದು ಕಡೆ ರಾಜಕುಮಾರಿಯು ಅದೇ ಪ್ರಾಣಿಯ ಕೊರಳಿಗೆ ಕಟ್ಟಿದ ಪಟ್ಟಿಯನ್ನು ಸಾಕಿದ ನಾಯಿಯ ಹಗ್ಗದಂತೆ ಹಿಡಿದು ನಿಂತಿದ್ದಾಳೆ. ಇದರ ಅಚ್ಚನ್ನು ನೋಡಿದಾಗಲೆಲ್ಲ, ಈ ಜಗಳದಲ್ಲಿ ಆ ಪ್ರಾಣಿಯ ಪಕ್ಷವೇನು ಎಂದು ಯಾರೂ ಕೇಳಲಿಲ್ಲವಲ್ಲಾ ಎನಿಸುತ್ತದೆ.

ಹಾಗೆ ಕೇಳಿದವನು 1898ರಲ್ಲಿ ಬಂದನು. ಆತನು ಕವಿಯೆಂದು ಹೆಸರಾದವನಲ್ಲ, ಪಂಡಿತನಲ್ಲ, ವಿಶ್ವವಿದ್ಯಾನಿಲಯದ ಮೆಟ್ಟಲು ಹತ್ತಿದವನೂ ಅಲ್ಲ. ಇಂಗ್ಲೆಂಡಿನ ಬ್ಯಾಂಕಿನಲ್ಲಿ ಉದ್ಯೋಗಿ. ಹೆಸರು ಕೆನೆತ್ ಗ್ರಹಾಂ.

ಗ್ರಹಾಂ ಹುಟ್ಟಿದುದು 1859ನೆಯ ಮಾರ್ಚ್ 8ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ತಂದೆ ಕನಿಂಗ್‌ಹ್ಯಾಮನು ವಕೀಲ. ಬಳಿಕ ಪಶ್ಚಿಮ ಸ್ಕಾಟ್ಲೆಂಡಿನ ಇನ್ವರೇರಿ ಎಂಬ ಸಣ್ಣ ಊರಿನಲ್ಲಿ ನ್ಯಾಯಾಧಿಕಾರಿಯ ಹುದ್ದೆ ದೊರೆತು ಸಂಸಾರವು ಅಲ್ಲಿಗೆ ಹೋಯಿತು. ಹೆಲೆನ್ ಎಂಬ ಅಕ್ಕ, ವಿಲ್ಲಿ ಎಂಬ ಅಣ್ಣ. 1864ರ ವಸಂತದಲ್ಲಿ ರೋಲೆಂಡ್ ಎಂಬ ತಮ್ಮನು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ಬೆಸ್ಸಿಗೆ ಕೆಂಪುಜ್ವರ ತಗುಲಿತು. ಆಕೆ ತೀರಿಕೊಂಡಳು. ಐದು ವರ್ಷದ ಕೆನೆತ್ತನಿಗೂ ಅದೇ ಜ್ವರ ಬಂದು ಸಾವಿನ ಬಾಗಿಲಿಗೆ ಹೋಗಿ ಹಿಂದಿರುಗಿದನು. ಆಗ ಹಿಡಿದ ಎದೆಯ ದೌರ್ಬಲ್ಯವು ಜೀವಮಾನವಿಡೀ ಬಿಡಲಿಲ್ಲ.

ಹೆಂಡತಿ ಸತ್ತ ಮೇಲೆ ತಂದೆಯು ಕುಡಿತಕ್ಕೆ ಬಿದ್ದನು. ಮೊದಲೇ ಇದ್ದ ಚಟ, ದುಃಖದಲ್ಲಿ ಕಟ್ಟು ಮೀರಿತು. ನಾಲ್ಕು ಮಕ್ಕಳನ್ನೂ ಇಂಗ್ಲೆಂಡಿಗೆ, ಅವರ ತಾಯಿಯ ತಾಯಿಯ ಮನೆಗೆ ಕಳುಹಿಸಿಬಿಟ್ಟನು. ಎರಡು ವರ್ಷಗಳ ತರುವಾಯ ಒಮ್ಮೆ ಮಕ್ಕಳನ್ನು ಕರೆಸಿಕೊಂಡನು; ಅದು ಬಹಳ ದಿನ ನಡೆಯಲಿಲ್ಲ. ಹುದ್ದೆಯನ್ನು ಬಿಟ್ಟು ಫ್ರಾನ್ಸಿಗೆ ಹೋದವನು ಮತ್ತೆ ಮಕ್ಕಳ ಮುಖ ನೋಡಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ, 1887ರಲ್ಲಿ, ಆತನು ಲ ಹಾವ್ರ್ ಬಂದರಿನಲ್ಲಿ ಸತ್ತಾಗ ಅಂತ್ಯಕ್ರಿಯೆಗೆ ಹೋದವನು ಕೆನೆತ್ತನೇ.

ಅಜ್ಜಿಯ ಮನೆಯು ಬರ್ಕ್‌ಷೈರ್ ಪ್ರಾಂತದ ಕುಕ್‌ಹ್ಯಾಮ್ ಡೀನ್ ಎಂಬ ಹಳ್ಳಿಯಲ್ಲಿ, ಥೇಮ್ಸ್ ನದಿಗೆ ಸಮೀಪವಾಗಿ ಇದ್ದಿತು. ದೊಡ್ಡ ತೋಟ, ಹಳೆಯ ಮರಗಳು, ಅಟ್ಟದ ಮೇಲೆ ಮಕ್ಕಳ ಕೊಠಡಿ. ಅಜ್ಜಿಗೆ ಅರುವತ್ತು ದಾಟಿತ್ತು. ಅವಳು ಮಕ್ಕಳಿಗೆ ಊಟ ಬಟ್ಟೆಗಳಲ್ಲಿ ಕೊರತೆ ಮಾಡಿದವಳಲ್ಲ, ಮುದ್ದು ಮಾಡಿದವಳೂ ಅಲ್ಲ. ಮನೆಯ ದೊಡ್ಡವರು ತಮ್ಮ ಪಾಡಿಗೆ ತಾವಿದ್ದರು, ಮಕ್ಕಳು ತಮ್ಮ ಪಾಡಿಗೆ ತಾವಿದ್ದರು. ಹೀಗೆ ಯಾರ ಗಮನಕ್ಕೂ ಬೀಳದ ಆ ಎರಡು ವರ್ಷಗಳಲ್ಲಿಯೇ ಹುಡುಗನು ತೋಟ, ಹೊಲ, ಹೊಳೆ, ನೀರುನಾಯಿಗಳ ಲೋಕವನ್ನು ತನ್ನದಾಗಿ ಮಾಡಿಕೊಂಡನು. ನಾಲ್ಕರಿಂದ ಏಳು ವರ್ಷದವರೆಗೆ ತಾನು ಕಂಡು ಅನುಭವಿಸಿದ ಪ್ರತಿಯೊಂದೂ ತನ್ನ ನೆನಪಿನಲ್ಲಿದೆಯೆಂದು, ಆ ಮೇಲಿನದು ಅಷ್ಟಾಗಿ ಇಲ್ಲವೆಂದು ಆತನು ದೊಡ್ಡವನಾದ ಮೇಲೆ ಹೇಳಿಕೊಂಡುದುಂಟು. ಪ್ರೀತಿ ಸಿಗದ ಮನೆಯೇ ಆತನಿಗೆ ಜೀವಮಾನದ ಬಂಡವಾಳವನ್ನು ಕೊಟ್ಟಿತು.

1868ರಲ್ಲಿ ಅವನನ್ನು ಆಕ್ಸ್‌ಫರ್ಡಿನ ಸೇಂಟ್ ಎಡ್ವರ್ಡ್ಸ್ ಶಾಲೆಗೆ ಸೇರಿಸಿದರು. ಹುಡುಗನು ಓದಿನಲ್ಲಿ ಬಹುಮಾನಗಳನ್ನು ಪಡೆದನು, ರಗ್ಬಿ ತಂಡದ ನಾಯಕನಾದನು, 1875ರಲ್ಲಿ ಶಾಲೆಯ ವಿದ್ಯಾರ್ಥಿ ಮುಖಂಡನೂ ಆದನು. ನಡುವೆ ಅಣ್ಣ ವಿಲ್ಲಿಯು ಹದಿಹರೆಯದಲ್ಲಿಯೇ ಎದೆಯ ಬೇನೆಯಿಂದ ತೀರಿಕೊಂಡನು. ಶಾಲೆಯಿಂದ ಹೊರಟರೆ ಊರಿನ ಬೀದಿಗಳು, ಆ ಬೀದಿಗಳ ಇಕ್ಕೆಲಗಳಲ್ಲಿ ಶತಮಾನಗಳಷ್ಟು ಹಳೆಯ ಕಾಲೇಜುಗಳು, ಕಪ್ಪು ನಿಲುವಂಗಿ ತೊಟ್ಟು ಓಡಾಡುವ ವಿದ್ಯಾರ್ಥಿಗಳು. ಶಾಲೆ ಮುಗಿದ ಕೂಡಲೆ ತಾನೂ ಆ ಬಾಗಿಲುಗಳಲ್ಲಿ ಒಂದನ್ನು ಹೊಕ್ಕು ವಿದ್ವಾಂಸನಾಗುವೆನೆಂದು ಕೆನೆತ್ತನು ನಂಬಿದ್ದನು. ಶಾಲೆಯ ಮುಖಂಡನೇ ಆದ ಹುಡುಗನು ಹಾಗೆ ನಂಬಿದುದರಲ್ಲಿ ತಪ್ಪೇನಿದೆ?

ಆದರೆ ಹಣದ ಕೀಲಿಕೈ ತಂದೆಯ ಸೋದರ ಜಾನ್ ಗ್ರಹಾಮನ ಕೈಯಲ್ಲಿತ್ತು. ಈ ಚಿಕ್ಕಪ್ಪನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಕಚೇರಿ ಇಟ್ಟುಕೊಂಡಿದ್ದ ವ್ಯವಹಾರಸ್ಥ. ಕುಡುಕ ಸೋದರನ ಮಕ್ಕಳನ್ನು ಇಷ್ಟು ವರ್ಷ ಸಾಕಿದುದೇ ಹೆಚ್ಚಾಯಿತು, ಇನ್ನು ಆಕ್ಸ್‌ಫರ್ಡಿನ ಖರ್ಚು ತನ್ನಿಂದಾಗದೆಂದು ತೀರ್ಮಾನಿಸಿದನು. ಹುಡುಗನಿಗೆ ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸ ಕೊಡಿಸುವುದೆಂದು ಗೊತ್ತಾಯಿತು. ಜಾಗ ಖಾಲಿಯಾಗುವವರೆಗೆ ಚಿಕ್ಕಪ್ಪನ ಕಚೇರಿಯಲ್ಲಿಯೇ ಕುಳಿತು ಬರೆಯಬೇಕಾಯಿತು. 1879ನೆಯ ಜನವರಿ 1ರಂದು, ಇಪ್ಪತ್ತು ತುಂಬುವ ಮೊದಲೇ, ಗ್ರಹಾಂ ಇಂಗ್ಲೆಂಡಿನ ಬ್ಯಾಂಕಿನಲ್ಲಿ ಗುಮಾಸ್ತೆಯಾದನು.

ಇಲ್ಲಿ ಒಂದು ಮಾತು. ಚಿಕ್ಕಪ್ಪನನ್ನು ಕ್ರೂರಿಯೆಂದು ಬಯ್ಯುವುದು ಸುಲಭ. ಗ್ರಹಾಮನ ಚರಿತ್ರೆ ಬರೆದವರಲ್ಲಿ ಹಲವರು ಬೈದೂ ಇದ್ದಾರೆ. ಆತನ ಲೆಕ್ಕಕ್ಕೆ ಅದು ಸರಿಯಾದ ದಾರಿಯೇ ಆಗಿತ್ತು. ಬ್ಯಾಂಕಿನ ಕೆಲಸವೆಂದರೆ ಭದ್ರವಾದ ಸಂಬಳ, ಕೊನೆಗೆ ನಿವೃತ್ತಿ ವೇತನ. ನಮ್ಮ ಊರುಗಳಲ್ಲಿಯೂ ಇದೇ ಲೆಕ್ಕದಿಂದ ಎಷ್ಟೋ ಹುಡುಗರ ಓದು ನಿಂತಿದೆ. ಎಸ್.ಎಸ್.ಎಲ್.ಸಿ.ಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದ ಗೆಳೆಯನೊಬ್ಬನು ಇಂದು ಮಂಡಿಯಲ್ಲಿ ಚೀಲಗಳ ಲೆಕ್ಕ ಬರೆಯುತ್ತಾನೆ. ಅವನ ಮನೆಯವರು ಕೆಟ್ಟವರಲ್ಲ. ಆದರೆ ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ನಷ್ಟವು ನಷ್ಟವಲ್ಲದೆ ಹೋಗುವುದಿಲ್ಲ. ಗ್ರಹಾಂ ಆ ಬಳಿಕ ಐವತ್ತಮೂರು ವರ್ಷ ಬದುಕಿದನು; ಆಕ್ಸ್‌ಫರ್ಡಿನ ಬಾಗಿಲು ತನಗೆ ಮುಚ್ಚಿದುದನ್ನು ಆತನು ಎಂದೂ ಮರೆತವನಲ್ಲವೆಂಬುದಕ್ಕೆ ಆತನ ಉಯಿಲೇ ಸಾಕ್ಷಿ. ಅದನ್ನು ಮುಂದೆ ಹೇಳುವೆನು.

ಬ್ಯಾಂಕಿನಲ್ಲಿ ಆತನು ಒಳ್ಳೆಯ ನೌಕರನೇ ಆದನು. ಹಗಲು ಲೆಕ್ಕ, ಸಂಜೆ ಬರವಣಿಗೆ. ರಜೆ ಬಂದರೆ ಥೇಮ್ಸ್ ನದಿಯಲ್ಲಿ ದೋಣಿ. ಇಲ್ಲವೆ ಬರ್ಕ್‌ಷೈರಿನ ಸುಣ್ಣಕಲ್ಲಿನ ಹುಲ್ಲುಗುಡ್ಡಗಳ ನೆತ್ತಿಯ ಮೇಲೆ ಸಾಗುವ ಬಹು ಪ್ರಾಚೀನವಾದ ಕಾಲುದಾರಿಯಲ್ಲಿ ಮೈಲಿಗಟ್ಟಲೆ ನಡಿಗೆ. ಆ ಗುಡ್ಡಗಳ ಸಾಲಿನಲ್ಲಿ ಅಫಿಂಗ್ಟನ್ ಎಂಬಲ್ಲಿ ಹುಲ್ಲನ್ನು ಕೆತ್ತಿ ಬಿಳಿಯ ಸುಣ್ಣಕಲ್ಲು ತೋರುವಂತೆ ಮಾಡಿದ ಭಾರಿ ಕುದುರೆಯ ಆಕೃತಿಯೊಂದಿದೆ. ಅದು ಸುಮಾರು 3000 ವರ್ಷಗಳಷ್ಟು ಹಳೆಯದು. ಅದರ ಬುಡದಲ್ಲಿ ಚಪ್ಪಟೆ ನೆತ್ತಿಯ ಸಣ್ಣ ದಿಣ್ಣೆ. ಅದನ್ನು ಡ್ರ್ಯಾಗನ್ ಗುಡ್ಡವೆನ್ನುವರು. ಜಾರ್ಜನು ಡ್ರ್ಯಾಗನ್ನನ್ನು ಕೊಂದುದು ಅಲ್ಲಿಯೇ ಎಂದೂ, ಅದರ ರಕ್ತ ಬಿದ್ದ ನೆಲದಲ್ಲಿ ಇಂದಿಗೂ ಹುಲ್ಲು ಹುಟ್ಟುವುದಿಲ್ಲವೆಂದೂ ಸ್ಥಳಪುರಾಣ. ಈಗ ಆ ಸ್ಥಳವು ಆಕ್ಸ್‌ಫರ್ಡ್‌ಷೈರಿಗೆ ಸೇರಿದೆ. ಇಂತಹ ಗುಡ್ಡಗಳಲ್ಲಿ ನಡೆದಾಡಿದವನಿಗೆ ಡ್ರ್ಯಾಗನ್ನಿನ ಕಥೆ ಹೊಳೆದುದು ಆಶ್ಚರ್ಯವಲ್ಲ.

ಆತನ ಲೇಖನಗಳು ಹೆನ್ಲಿ ಎಂಬ ಕವಿಯ ಪತ್ರಿಕೆಯಲ್ಲಿಯೂ, ಆ ಕಾಲದಲ್ಲಿ ಗದ್ದಲವೆಬ್ಬಿಸಿದ್ದ ‘ಯೆಲ್ಲೋ ಬುಕ್’ ಪತ್ರಿಕೆಯಲ್ಲಿಯೂ ಅಚ್ಚಾದವು. 1893ರಲ್ಲಿ ಪ್ರಬಂಧಗಳ ಮೊದಲ ಸಂಕಲನ ಬಂದಿತು. 1895ರಲ್ಲಿ ‘ದಿ ಗೋಲ್ಡನ್ ಏಜ್’ ಬಂದು ಆತನನ್ನು ಪ್ರಸಿದ್ಧನನ್ನಾಗಿ ಮಾಡಿತು. ತಾಯಿ ತಂದೆಯರಿಲ್ಲದ ಐವರು ಮಕ್ಕಳು ಒಂದು ಹಳ್ಳಿಯ ಮನೆಯಲ್ಲಿ, ತಮ್ಮನ್ನು ಅರ್ಥಮಾಡಿಕೊಳ್ಳದ ದೊಡ್ಡವರ ನಡುವೆ ಬೆಳೆಯುವ ಚಿತ್ರಗಳು ಅದರಲ್ಲಿವೆ. ಆ ದೊಡ್ಡವರಿಗೆ ಗ್ರೀಕ್ ಪುರಾಣದ ಒಲಿಂಪಸ್ ಪರ್ವತದ ದೇವತೆಗಳ ಹೆಸರನ್ನು ಆತನು ಇಟ್ಟನು: ಅಧಿಕಾರವಿದೆ, ಆದರೆ ಬುದ್ಧಿ ಅಷ್ಟಿಲ್ಲ. ಅಜ್ಜಿಯ ಮನೆಯ ಋಣವನ್ನು ಹೀಗೆ ತೀರಿಸಿದನೆನ್ನಬಹುದು. 1898ರಲ್ಲಿ, 39ನೆಯ ವಯಸ್ಸಿನಲ್ಲಿ, ಬ್ಯಾಂಕಿನ ಕಾರ್ಯದರ್ಶಿಯ ಪದವಿ ಆತನಿಗೆ ದೊರಕಿತು. ಅದೇ ವರ್ಷದ ಕೊನೆಯಲ್ಲಿ ‘ಡ್ರೀಮ್ ಡೇಸ್’ ಎಂಬ ಪುಸ್ತಕವು ಹೊರಬಿದ್ದಿತು. ಕಾದಲೊಲ್ಲದ ಡ್ರ್ಯಾಗನ್ನಿನ ಕಥೆಯಿರುವುದು ಇದರಲ್ಲಿ.

ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಹುಲ್ಲುಗುಡ್ಡಗಳ ಮೇಲಿನ ಹಳ್ಳಿಯೊಂದರ ಬಳಿ ಒಬ್ಬ ಕುರುಬ. ಅವನು ಒಂದು ಸಂಜೆ ನಡುಗುತ್ತ ಮನೆಗೆ ಬಂದು, ಗುಡ್ಡದ ಗವಿಯಲ್ಲಿ ಭಯಂಕರವಾದದ್ದೇನೋ ಇದೆ, ಇನ್ನು ತಾನು ಅತ್ತ ಕಾಲಿಡುವುದಿಲ್ಲ ಎನ್ನುತ್ತಾನೆ. ಅವನ ಮಗನು ಪುಸ್ತಕದಿಂದ ತಲೆಯೆತ್ತಿ, ಅದು ಬರಿಯ ಡ್ರ್ಯಾಗನ್ ಇರಬೇಕೆಂದು ಸಾವಧಾನವಾಗಿ ಹೇಳುತ್ತಾನೆ. ಈ ಹುಡುಗನು ಸುತ್ತಲಿನ ಶ್ರೀಮಂತರನ್ನೂ ಪಾದ್ರಿಗಳನ್ನೂ ಕಾಡಿ ಬೇಡಿ ಪುಸ್ತಕಗಳನ್ನು ತಂದು ಓದುವವನು. ಪ್ರಾಣಿಶಾಸ್ತ್ರವೂ ಗೊತ್ತು, ಅಡಗೂಲಜ್ಜಿಯ ಕಥೆಗಳೂ ಗೊತ್ತು. ತಾಯಿ ತಂದೆಯರಿಗೆ ಅಕ್ಷರಜ್ಞಾನ ಹೆಚ್ಚಿಲ್ಲ. ಆದರೂ ಮಗನ ಓದನ್ನು ಅವರು ಸೋಮಾರಿತನವೆಂದು ಹೀಗಳೆಯುವುದಿಲ್ಲ. ಕುರಿ ಕಾಯುವ ಕೆಲಸ ತಮ್ಮದು, ಪುಸ್ತಕದ ಕೆಲಸ ಅವನದು, ಎಂದಾದರೂ ಒಂದು ದಿನ ಮನೆಗೆ ಎರಡೂ ಬೇಕಾಗುತ್ತವೆ ಎಂಬುದು ಅವರ ಎಣಿಕೆ. ಆ ದಿನ ಈಗ ಬಂದಿತು. ಗಾಬರಿಗೊಂಡ ತಂದೆಯು ಮಗನ ಕಡೆ ನೋಡುತ್ತಾನೆ.

ನಾನು ಈ ಪುಟಗಳನ್ನು ನಮ್ಮ ಕಾಲೇಜಿನ ಪುಸ್ತಕಭಂಡಾರದಲ್ಲಿ ಕುಳಿತು ಎರಡು ಸಲ ಓದಿದೆ. ನನ್ನ ತಂದೆಯವರು ಸಹಿ ಮಾಡಬಲ್ಲರು, ಅದಕ್ಕಿಂತ ಹೆಚ್ಚಿಗೆ ಬರೆಯಲಾರರು. ಆದರೆ ಪರೀಕ್ಷೆ ಹತ್ತಿರ ಬಂದಿತೆಂದರೆ ರಾಗಿ ಹೊಲದಲ್ಲಿ ಎಷ್ಟೇ ಕೆಲಸವಿರಲಿ ನನ್ನನ್ನು ಕರೆಯರು. ಊರಿಗೆ ಬಂದ ಸರಕಾರಿ ಕಾಗದವನ್ನು ಮೊದಲು ನನ್ನ ಕೈಯಲ್ಲಿಡುವರು. ಗ್ರಹಾಮನಿಗೆ ಇಂತಹ ತಂದೆಯೂ ಇರಲಿಲ್ಲ, ಚಿಕ್ಕಪ್ಪನೂ ಇರಲಿಲ್ಲ. ತನಗಿಲ್ಲದ ತಾಯಿ ತಂದೆಯರನ್ನು ಕುರುಬನ ಗುಡಿಸಲಿನಲ್ಲಿ ಸೃಷ್ಟಿಸಿಕೊಂಡನೆಂದು ನನಗೆ ತೋರುತ್ತದೆ.

ಹುಡುಗನು ಗುಡ್ಡ ಹತ್ತಿ ಡ್ರ್ಯಾಗನ್ನನ್ನು ಕಾಣುತ್ತಾನೆ. ಅದು ಬಿಸಿಲು ಕಾಯಿಸಿಕೊಳ್ಳುತ್ತ ಬೆಕ್ಕಿನಂತೆ ಗುರುಗುಟ್ಟುತ್ತಿದೆ. ಅದಕ್ಕೆ ಕಾದಾಟ ಬೇಡ. ಉಳಿದ ಡ್ರ್ಯಾಗನ್ನುಗಳೆಲ್ಲ ರಾಜಕುಮಾರಿಯರನ್ನು ಕದ್ದು, ವೀರರೊಡನೆ ಹೋರಾಡಿ ಸತ್ತುಹೋದವು. ಇದು ಮಾತ್ರ ಸೋಮಾರಿಯಾದುದರಿಂದ ಉಳಿಯಿತು. ಸೂರ್ಯಾಸ್ತಮಾನವನ್ನು ನೋಡುವುದು, ಕವಿತೆ ಕಟ್ಟುವುದು, ನೆರೆಹೊರೆಯವರು ಬಂದರೆ ಅವರಿಗೆ ಓದಿ ಹೇಳುವುದು, ಇಷ್ಟೇ ಅದರ ಆಸೆ. ಹುಡುಗನಿಗೂ ಅದಕ್ಕೂ ಸ್ನೇಹವಾಗುತ್ತದೆ. ಆದರೆ ಊರಿಗೆ ಸುದ್ದಿ ಮುಟ್ಟದೆ ಇರುತ್ತದೆಯೆ? ಡ್ರ್ಯಾಗನ್ ಯಾರ ಕುರಿಯನ್ನೂ ಮುಟ್ಟಿಲ್ಲ, ಒಂದು ಬೇಲಿಯನ್ನೂ ಮುರಿದಿಲ್ಲ. ಆದರೂ ಅದನ್ನು ಕೊಲ್ಲಲೇಬೇಕು, ಏಕೆಂದರೆ ಅದು ಡ್ರ್ಯಾಗನ್. ಸಂತ ಜಾರ್ಜನು ಬಂದೇ ಬರುತ್ತಾನೆ. ಊರ ಜನ ಆತನ ಕುದುರೆಯ ಸುತ್ತ ನೆರೆದು ಆ ಪ್ರಾಣಿ ಮಾಡಿದ ಅನ್ಯಾಯಗಳನ್ನು ಹುಟ್ಟಿಸಿ ಹುಟ್ಟಿಸಿ ಹೇಳುತ್ತಾರೆ. ಕಾಳಗದ ಮೇಲೆ ಬಾಜಿಯೂ ಕಟ್ಟಿದ್ದಾರೆ. ಗ್ರಹಾಮನ ಹಾಸ್ಯದೊಳಗೆ ಮುಳ್ಳಿರುವುದು ಇಲ್ಲಿಯೇ. ಆ ಹಳ್ಳಿಗೆ ಡ್ರ್ಯಾಗನ್ನಿನಿಂದ ಭಯವಿಲ್ಲ. ಅದಕ್ಕೆ ಬೇಕಾದುದು ಒಂದು ದಿನದ ತಮಾಷೆ.

ಹುಡುಗನು ರಾತ್ರಿ ಜಾರ್ಜನ ಬಿಡಾರಕ್ಕೆ ಹೋಗಿ ನಿಜಸಂಗತಿಯನ್ನು ತಿಳಿಸುತ್ತಾನೆ. ಜಾರ್ಜನು ಕೆಟ್ಟವನಲ್ಲ; ಆದರೆ ಸಂಪ್ರದಾಯಕ್ಕೆ ಕಟ್ಟುಬಿದ್ದವನು. ಕಾಳಗವಿಲ್ಲದೆ ಹಿಂದಿರುಗುವುದು ಹೇಗೆ? ಹುಡುಗನು ಆತನನ್ನು ಗವಿಗೆ ಕರೆದುಕೊಂಡು ಹೋಗುತ್ತಾನೆ. ಮೂವರೂ ಕುಳಿತು ಒಪ್ಪಂದ ಮಾಡಿಕೊಳ್ಳುತ್ತಾರೆ: ಕಾಳಗ ನಡೆಯಲಿ, ಆದರೆ ಅದು ನಾಟಕವಾಗಿರಲಿ. ಡ್ರ್ಯಾಗನ್ನಿನ ಕತ್ತಿನಲ್ಲಿ ತೊಗಲು ಜೋತುಬಿದ್ದ, ನೋವಾಗದ ಜಾಗವೊಂದನ್ನು ಗೊತ್ತುಮಾಡಿಕೊಳ್ಳುತ್ತಾರೆ. ಮರುದಿನ ಮೂರು ಸುತ್ತಿನ ಕಾಳಗವು ಬಹು ಶ್ರೇಷ್ಠವಾಗಿ ನಡೆಯುತ್ತದೆ. ಕಾದಲೊಲ್ಲದ ಪ್ರಾಣಿಗೆ ಪಾತ್ರ ವಹಿಸುವುದೆಂದರೆ ಬಲು ಇಷ್ಟ! ಬೆಂಕಿಯುಗುಳುತ್ತ, ಆರ್ಭಟಿಸುತ್ತ, ನಮ್ಮ ಬಯಲಾಟದ ರಾಕ್ಷಸವೇಷದಂತೆ ರಂಗಕ್ಕೆ ಬರುತ್ತದೆ. ಕೊನೆಗೆ ಗೊತ್ತುಮಾಡಿದ ಜಾಗದಲ್ಲಿ ಈಟಿ ನಾಟುತ್ತದೆ. ತಲೆ ಕಡಿಯಿರೆಂದು ಜನ ಕೂಗುತ್ತಾರೆ. ಅವಸರವಿಲ್ಲ, ಮೊದಲು ತಿಂಡಿ ತೀರ್ಥವಾಗಲಿ ಎಂದು ಜಾರ್ಜನು ಸಮಾಧಾನ ಹೇಳಿ, ಡ್ರ್ಯಾಗನ್ ಬುದ್ಧಿ ಕಲಿತಿದೆ, ಇನ್ನು ನಿಮ್ಮೊಡನೆ ಬಾಳುತ್ತದೆ ಎಂದು ಸಾರುತ್ತಾನೆ. ಆತನು ಊರವರಿಗೂ ಒಂದು ಬುದ್ಧಿ ಹೇಳದೆ ಬಿಡುವುದಿಲ್ಲ. ರಾತ್ರಿ ಔತಣ. ಔತಣ ಮುಗಿದ ಮೇಲೆ ಸಂತ, ಹುಡುಗ, ಡ್ರ್ಯಾಗನ್ ಮೂವರೂ ಕೈ ಕೈ ಹಿಡಿದು ಗುಡ್ಡವೇರುತ್ತಾರೆ.

ನಮ್ಮ ಗೋವಿನ ಹಾಡಿನಲ್ಲಿಯೂ ಕ್ರೂರಮೃಗದ ಮನಸ್ಸು ಕರಗುತ್ತದೆ. ಆದರೆ ಕರಗಿದ ಹುಲಿಯು ಬದುಕಿ ಉಳಿಯುವುದಿಲ್ಲ. ಬಾಲ್ಯದಲ್ಲಿ ಪುಣ್ಯಕೋಟಿಗಾಗಿ ಅಳುವುದಕ್ಕಿಂತ ಹುಲಿಗಾಗಿ ಹೆಚ್ಚು ಅತ್ತವರು ನಮ್ಮಲ್ಲಿ ಅನೇಕರಿರಬಹುದು. ಗ್ರಹಾಮನು ಆ ಅಳುವಿಗೂ ಅವಕಾಶ ಕೊಡಲಿಲ್ಲ. ಆತನ ಕಥೆಯಲ್ಲಿ ಯಾರೂ ಸಾಯುವುದಿಲ್ಲ. ಅದನ್ನು ಕೆಲವರು ದೌರ್ಬಲ್ಯವೆನ್ನುವರು. ಡ್ರ್ಯಾಗನ್ನಿಗೆ ಹಲ್ಲು ಕಿತ್ತ ಮೇಲೆ ಅದು ಡ್ರ್ಯಾಗನ್ನೇ ಅಲ್ಲ, ಮಕ್ಕಳಿಗೆ ಭಯದ ರುಚಿಯೂ ಬೇಕು ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಈ ಕಥೆಯಲ್ಲಿ ಭಯ ಇಲ್ಲವೆಂದು ನಾನು ಒಪ್ಪಲಾರೆ. ಅದು ಗವಿಯಿಂದ ಹೊರಟು ಊರಿನೊಳಕ್ಕೆ ಬಂದಿದೆ, ಅಷ್ಟೆ.

ಈ ಡ್ರ್ಯಾಗನ್ನಿಗೆ ಚಿತ್ರಗಾರರು ಕೊಟ್ಟ ರೂಪಗಳನ್ನು ಹೇಳಲು ಕಾಲಕ್ರಮವನ್ನು ಸ್ವಲ್ಪ ಮೀರುವೆನು. 1902ರಲ್ಲಿ ಅಮೆರಿಕದ ಮ್ಯಾಕ್ಸ್‌ಫೀಲ್ಡ್ ಪ್ಯಾರಿಷ್ ಎಂಬವನ ಚಿತ್ರಗಳೊಡನೆ ‘ಡ್ರೀಮ್ ಡೇಸ್’ ಅಚ್ಚಾಯಿತು. ಈ ಕಥೆಯನ್ನು ಮಾತ್ರ ಬೇರ್ಪಡಿಸಿ ಸಣ್ಣ ಪುಸ್ತಕವಾಗಿ 1938ರಲ್ಲಿ ತಂದಾಗ ಚಿತ್ರ ಬರೆದವನು ಅರ್ನೆಸ್ಟ್ ಷೆಪರ್ಡ್. ಆತನ ಗೆರೆ ತೆಳುವಾದುದು, ಹಾಸ್ಯ ಮೃದುವಾದುದು. ಮಕ್ಕಳಿಗೆ ಪರಿಚಿತವಾದ ಡ್ರ್ಯಾಗನ್ನು ಇದೇ. 1941ರಲ್ಲಿ ವಾಲ್ಟ್ ಡಿಸ್ನಿಯ ಸಂಸ್ಥೆಯು ಇದನ್ನು ಚಲನಚಿತ್ರದಲ್ಲಿ ಅಳವಡಿಸಿತು. ಕಾದಾಡಲೊಲ್ಲದ ಪ್ರಾಣಿಯ ಆ ಚಿತ್ರವು ತೆರೆ ಕಂಡ ದಿನಗಳಲ್ಲಿಯೇ ಡಿಸ್ನಿಯ ಚಿತ್ರಗಾರರು ಮುಷ್ಕರ ಹೂಡಿದ್ದರು. ಅನಂತರ ಇದರ ಸಂತತಿ ಬಹಳವಾಗಿ ಬೆಳೆಯಿತು. ಟೋಮಿ ಡಿಪೋಲನು 1980ರಲ್ಲಿ ಬರೆದ ಚಿತ್ರಪುಸ್ತಕದಲ್ಲಿ ವೀರನೂ ಡ್ರ್ಯಾಗನ್ನೂ ಕಾದಾಟವನ್ನು ಪುಸ್ತಕ ನೋಡಿ ಕಲಿತು, ಅದು ಕೈಗೂಡದೆ, ಕೊನೆಗೆ ಒಟ್ಟಿಗೆ ಅಡುಗೆಯ ವ್ಯಾಪಾರವಿಡುತ್ತಾರೆ. 2010ರ ‘ಜೋಗ್’ ಎಂಬ ಪುಸ್ತಕದಲ್ಲಿ ಡ್ರ್ಯಾಗನ್ ಮರಿಯೊಂದು ಶಾಲೆಗೇ ಹೋಗುತ್ತದೆ. ರಾಜಕುಮಾರಿಗೆ ವೈದ್ಯಳಾಗುವ ಹಂಬಲ. ಹಳೆಯ ಉಗ್ರರೂಪವೂ ಅಳಿದಿಲ್ಲ. ಟ್ರೀನಾ ಹೈಮನ್ ಎಂಬಾಕೆ 1984ರಲ್ಲಿ ಬರೆದ ಜಾರ್ಜನ ಕಥೆಯ ಚಿತ್ರಗಳಲ್ಲಿ ಡ್ರ್ಯಾಗನ್ ಪುಟವನ್ನೇ ಮೀರಿ ಹೊರಬರುವಂತಿದೆ. ಅದಕ್ಕೆ ಅಮೆರಿಕದ ಮಕ್ಕಳ ಚಿತ್ರಪುಸ್ತಕಗಳ ಶ್ರೇಷ್ಠ ಬಹುಮಾನವಾದ ಕಾಲ್ಡೆಕಾಟ್ ಪದಕವೂ ಬಂದಿತು.

ಇನ್ನು ಗ್ರಹಾಮನ ಬಾಳಿಗೆ ಹಿಂದಿರುಗೋಣ. 1899ರ ಜುಲೈಯಲ್ಲಿ ಆತನು ಎಲ್‌ಸ್ಪೆತ್ ಥಾಮ್ಸನ್ ಎಂಬಾಕೆಯನ್ನು ಮದುವೆಯಾದನು. ದಾಂಪತ್ಯವು ಸುಖಕರವಾಗಿರಲಿಲ್ಲ; ಅದನ್ನು ಕೆದಕುವುದು ಬೇಡ. 1900ನೆಯ ಮೇ 12ರಂದು ಒಬ್ಬನೇ ಮಗ ಅಲಸ್ಟೇರ್ ಹುಟ್ಟಿದನು. ಮಗುವಿಗೆ ಒಂದು ಕಣ್ಣು ಹುಟ್ಟಿನಿಂದಲೇ ಕುರುಡು, ಇನ್ನೊಂದರ ದೃಷ್ಟಿಯೂ ಸರಿಯಿಲ್ಲ. ಇಲಿಯೆಂದು ಮುದ್ದಿನ ಹೆಸರು.

1903ನೆಯ ನವೆಂಬರ್ 24ರಂದು ಬ್ಯಾಂಕಿನಲ್ಲಿ ವಿಚಿತ್ರವಾದ ಘಟನೆಯೊಂದು ನಡೆಯಿತು. ರಾಬಿನ್‌ಸನ್ ಎಂಬ ಮನುಷ್ಯನು ಮುಖ್ಯಾಧಿಕಾರಿಯನ್ನು ಕಾಣಬೇಕೆಂದು ಬಂದನು. ಆತನಿಲ್ಲದ ಕಾರಣ ಕಾರ್ಯದರ್ಶಿ ಗ್ರಹಾಮನ ಎದುರಿಗೆ ಬಿಟ್ಟರು. ಬಂದವನು ಸುತ್ತಿದ ಕಾಗದವೊಂದನ್ನು ಮುಂದೆ ಹಿಡಿದನು. ಅದರ ಒಂದು ತುದಿಗೆ ಬಿಳಿಯ ದಾರ, ಇನ್ನೊಂದಕ್ಕೆ ಕರಿಯ ದಾರ ಕಟ್ಟಿತ್ತು. ಗ್ರಹಾಂ ಕರಿಯ ದಾರದ ತುದಿಯನ್ನು ಹಿಡಿದನಂತೆ. ಕೂಡಲೆ ಆ ಮನುಷ್ಯನು ಪಿಸ್ತೂಲನ್ನು ತೆಗೆದು ಗುಂಡು ಹಾರಿಸಿದನು. ದೈವವಶಾತ್ ಒಂದೂ ತಗುಲಲಿಲ್ಲ. ಕೊನೆಗೆ ಅವನನ್ನು ಹಿಡಿದುದು ಬೆಂಕಿ ಆರಿಸುವ ನೀರಿನ ಕೊಳವೆಯನ್ನು ಅವನ ಮೇಲೆ ತಿರುಗಿಸಿ! ವಿಚಾರಣೆಯಲ್ಲಿ ಅವನಿಗೆ ಬುದ್ಧಿಭ್ರಮಣೆಯೆಂದು ತೀರ್ಮಾನವಾಗಿ ಆಸ್ಪತ್ರೆಗೆ ಸೇರಿಸಿದರು. ಪತ್ರಿಕೆಗಳು ನಗೆಯಾಡಿದವು. ಗ್ರಹಾಮನ ಮನಸ್ಸು ಮಾತ್ರ ಆ ದಿನದಿಂದ ಬ್ಯಾಂಕಿನಲ್ಲಿ ನಿಲ್ಲಲಿಲ್ಲ. 1908ರಲ್ಲಿ ಆರೋಗ್ಯದ ಕಾರಣ ಹೇಳಿ ರಾಜೀನಾಮೆ ಕೊಟ್ಟನು.

ಅದೇ ವರ್ಷ ಅಕ್ಟೋಬರಿನಲ್ಲಿ ಆತನನ್ನು ಚಿರಸ್ಥಾಯಿಯನ್ನಾಗಿ ಮಾಡಿದ ‘ದಿ ವಿಂಡ್ ಇನ್ ದಿ ವಿಲ್ಲೋಸ್’ ಪ್ರಕಟವಾಯಿತು. ಮಗನಿಗೆ ಮಲಗುವ ಹೊತ್ತಿನಲ್ಲಿ ಹೇಳುತ್ತ ಬಂದ, 1907ರಲ್ಲಿ ಮಗುವು ದೂರದಲ್ಲಿದ್ದಾಗ ಕಾಗದಗಳಲ್ಲಿ ಬರೆದು ಕಳುಹಿಸಿದ ಕಪ್ಪೆ, ಹೆಗ್ಗಣಗಳ ಕಥೆಗಳೇ ಅದರ ಮೂಲ. ಅದನ್ನು ಎಲ್ಲರೂ ಬಲ್ಲರಾದುದರಿಂದ ಹೆಚ್ಚು ಹೇಳಬೇಕಾದುದಿಲ್ಲ. ಮೊದಲು ವಿಮರ್ಶಕರು ಮೂಗು ಮುರಿದರು. ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ಮೆಚ್ಚಿದನು. ಕಾಲಕ್ರಮದಲ್ಲಿ ಜಗತ್ತೇ ಮೆಚ್ಚಿತು. ಆ ಬಳಿಕ ಗ್ರಹಾಂ ದೊಡ್ಡ ಪುಸ್ತಕವೊಂದನ್ನೂ ಬರೆಯಲಿಲ್ಲ.

ತನಗೆ ಸಿಕ್ಕದ ಆಕ್ಸ್‌ಫರ್ಡ್ ಮಗನಿಗಾದರೂ ಸಿಕ್ಕಲೆಂದು ತಂದೆಯು ಹಂಬಲಿಸಿದನು. ಮಗನು ಅದ್ಭುತ ಪ್ರತಿಭಾವಂತನೆಂದು ತಾಯಿ ತಂದೆಯರು ನಂಬಿದ್ದರು. ಆ ನಂಬಿಕೆಯ ಭಾರವನ್ನು ಹೊರಲು ಆ ಎಳೆಯ ಹುಡುಗನಿಗೆ ಶಕ್ತಿಯಿರಲಿಲ್ಲ. ರಗ್ಬಿಯ ಶಾಲೆಯಲ್ಲಿ ನಿಲ್ಲಲಾಗಲಿಲ್ಲ, ಈಟನ್ನಿನಲ್ಲಿಯೂ ನಿಲ್ಲಲಾಗಲಿಲ್ಲ. 1918ರಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿಗೆ ಸೇರಿದನು. ಕಣ್ಣು ಮಂದ, ಸ್ನೇಹಿತರು ಕಡಿಮೆ, ಪರೀಕ್ಷೆಗಳು ಕಠಿಣ. 1920ನೆಯ ಮೇ 7ರ ರಾತ್ರಿ ಊಟವಾದ ಮೇಲೆ ಹೊರಗೆ ಹೋದವನು ಹಿಂದಿರುಗಲಿಲ್ಲ. ಊರ ಹೊರಗಿನ ರೈಲುಹಳಿಯ ಮೇಲೆ ಶವ ಸಿಕ್ಕಿತು. ವಿಚಾರಣೆ ನಡೆಸಿದವರು ಆಕಸ್ಮಿಕ ಮರಣವೆಂದು ಬರೆದರು. ಚರಿತ್ರೆಕಾರರು ಅದನ್ನು ನಂಬುವುದಿಲ್ಲ. ಇಪ್ಪತ್ತು ತುಂಬಬೇಕಾಗಿದ್ದ ಹುಟ್ಟುಹಬ್ಬದ ದಿನವೇ ಅವನನ್ನು ಆಕ್ಸ್‌ಫರ್ಡಿನ ಹೋಲಿವೆಲ್ ಸ್ಮಶಾನದಲ್ಲಿ ಮಣ್ಣುಮಾಡಿದರು.

ನನಗೂ ಈಗ ಅದೇ ವಯಸ್ಸು. ಈ ಭಾಗವನ್ನು ಬರೆಯುವಾಗ ಲೇಖನಿ ಹಲವು ಸಲ ನಿಂತಿತು. ಒಬ್ಬ ಚಿಕ್ಕಪ್ಪನು ಓದು ಬೇಡವೆಂದುದರಿಂದ ಒಬ್ಬನು ನೊಂದನು. ನೊಂದವನು ತನ್ನ ಮಗನಿಗೆ ಓದು ಬೇಕೇ ಬೇಕೆಂದನು. ಗುಡ್ಡದ ಮೇಲಿನ ಸೋಮಾರಿ ಪ್ರಾಣಿಯ ಮನಸ್ಸನ್ನು ಅಷ್ಟು ಚೆನ್ನಾಗಿ ಬಲ್ಲವನು, ಕಾದಲೊಲ್ಲದವನನ್ನು ರಂಗಕ್ಕೆ ನೂಕಬಾರದೆಂದು ಬರೆದವನು, ತನ್ನ ಮನೆಯಲ್ಲಿಯೇ ಅದನ್ನು ಏಕೆ ಕಾಣಲಿಲ್ಲ? ಇದಕ್ಕೆ ಉತ್ತರವನ್ನು ನಾನು ಎಲ್ಲಿಯೂ ಓದಿಲ್ಲ.

ಮಗನು ಹೋದ ಮೇಲೆ ಗಂಡಹೆಂಡಿರು ಮನೆ ಬಿಟ್ಟು ಇಟಲಿಗೆ ಹೋಗಿ ಕೆಲವು ವರ್ಷ ಅಲೆದರು. 1924ರಲ್ಲಿ ಹಿಂದಿರುಗಿ ಥೇಮ್ಸ್ ತೀರದ ಪ್ಯಾಂಗ್‌ಬರ್ನ್ ಎಂಬ ಹಳ್ಳಿಯಲ್ಲಿ ನೆಲಸಿದರು. ತನ್ನ ಪುಸ್ತಕಕ್ಕೆ ಚಿತ್ರ ಬರೆಯಲಿದ್ದ ಷೆಪರ್ಡನು ಅಲ್ಲಿಗೆ ಬಂದಾಗ, ಮುದುಕನಾಗಿದ್ದ ಗ್ರಹಾಂ ತನ್ನ ಪುಟ್ಟ ಪ್ರಾಣಿಗಳ ವಿಷಯದಲ್ಲಿ ಕರುಣೆಯಿರಲೆಂದು ಕೇಳಿಕೊಂಡು, ಹೊಳೆಯ ಜಾಗಗಳನ್ನು ಬಣ್ಣಿಸಿ ಕಳುಹಿಸಿದನು. ಆ ಚಿತ್ರಗಳ ಮುದ್ರಣ 1931ರಲ್ಲಿ ಬಂದಿತು. ಷೆಪರ್ಡನ ಡ್ರ್ಯಾಗನ್ನನ್ನು ಪ್ರತ್ಯೇಕ ಪುಸ್ತಕವಾಗಿ ನೋಡಲು ಗ್ರಹಾಂ ಉಳಿಯಲಿಲ್ಲ. 1932ನೆಯ ಜುಲೈ 6ರಂದು ಪ್ಯಾಂಗ್‌ಬರ್ನಿನಲ್ಲಿ ತೀರಿಕೊಂಡನು. ಮೊದಲು ಅಲ್ಲಿಯೇ ಹೂಳಿ, ತರುವಾಯ ಆಕ್ಸ್‌ಫರ್ಡಿಗೆ ತಂದು ಮಗನಿರುವ ಹೋಲಿವೆಲ್ ಸ್ಮಶಾನದಲ್ಲಿಯೇ ಮಣ್ಣುಮಾಡಿದರು.

ಉಯಿಲನ್ನು ತೆರೆದು ನೋಡಿದರು. ಹೆಂಡತಿಯ ಕಾಲಾನಂತರ ತನ್ನ ಪುಸ್ತಕಗಳಿಂದ ಬರುವ ಗೌರವಧನವೆಲ್ಲವೂ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಬೋಡ್ಲಿಯನ್ ಪುಸ್ತಕಭಂಡಾರಕ್ಕೆ ಸೇರತಕ್ಕದ್ದೆಂದು ಆತನು ಬರೆದಿಟ್ಟಿದ್ದನು. ಎಲ್‌ಸ್ಪೆತ್ 1946ರಲ್ಲಿ ತೀರಿಕೊಂಡಳು. ಅಲ್ಲಿಂದ ಗ್ರಂಥಸ್ವಾಮ್ಯದ ಅವಧಿ ಮುಗಿಯುವ ತನಕ ಕಪ್ಪೆ, ಹೆಗ್ಗಣ, ಡ್ರ್ಯಾಗನ್ನುಗಳ ಸಂಪಾದನೆಯು ಆ ಪುಸ್ತಕಭಂಡಾರಕ್ಕೆ ವರ್ಷ ವರ್ಷವೂ ಸಲ್ಲುತ್ತ ಬಂದಿತು.